ಕಣ್ಣು ಮಂಜಾದಾಗ ಚಿತ್ರಕ್ಕೆ ಏನಾಗುತ್ತದೆ? ಬಿನೋದ್ ಬಿಹಾರಿ ಮುಖರ್ಜಿ ನೆಪದಲ್ಲಿ

ಗೋಡೆಚಿತ್ರ

ಬಂಗಾಳದ ಚಿತ್ರಕಾರ ಬಿನೋದ್ ಬಿಹಾರಿ ಮುಖರ್ಜಿ ಬಗ್ಗೆ ನಾನು ಓದಿದ ಬರಹಗಳೆಲ್ಲ ಹೆಚ್ಚುಕಮ್ಮಿ ಒಂದೇ ಅಚ್ಚಿನವು. ದೃಷ್ಟಿ ಹೋಯಿತು, ಎದೆಗುಂದಲಿಲ್ಲ, ಕೆಲಸ ಮುಂದುವರಿಸಿದರು, ಪದ್ಮವಿಭೂಷಣ ಬಂತು. ಅಲ್ಲಿಗೆ ಮುಗೀತು. ಓದಿದವರಿಗೆ ಆ ಮನುಷ್ಯನ ಮೇಲೆ ಗೌರವ ಬರುತ್ತದೆ ನಿಜ. ಆದರೆ ಅವರ ಒಂದು ಚಿತ್ರವೂ ಮನಸ್ಸಿಗೆ ಬರುವುದಿಲ್ಲ. ಅದಕ್ಕೇ ಈ ಚರ್ಚೆ ಶುರು ಮಾಡುತ್ತಿದ್ದೇನೆ.

ಅವರನ್ನು ಅಷ್ಟಾಗಿ ತಿಳಿಯದವರಿಗೆ ಸ್ವಲ್ಪ ಹಿನ್ನೆಲೆ. ಹುಟ್ಟಿದ್ದು 1904ರಲ್ಲಿ, ಕಲ್ಕತ್ತೆಯ ಬೆಹಾಲಾದಲ್ಲಿ. ಹುಟ್ಟಿನಿಂದಲೇ ಒಂದು ಕಣ್ಣು ಕಾಣುತ್ತಿರಲಿಲ್ಲ. ಇನ್ನೊಂದಕ್ಕೆ ವಿಪರೀತ ಸಮೀಪದೃಷ್ಟಿ. ಎಲ್ಲರಂತೆ ಶಾಲೆಗೆ ಹೋಗಿ ಓದುವುದು ಕಷ್ಟ ಅಂತ ಶಾಂತಿನಿಕೇತನಕ್ಕೆ ಕಳಿಸಿದರು. 1919ರಲ್ಲಿ ಅಲ್ಲಿನ ಕಲಾಶಾಲೆ ಕಲಾಭವನ ಸೇರಿದರು. ಗುರು ನಂದಲಾಲ್ ಬೋಸ್. ಮುಂದೆ ಅಲ್ಲೇ ಮೇಷ್ಟ್ರಾದರು. ಸಿನಿಮಾ ನಿರ್ದೇಶಕ ಸತ್ಯಜಿತ್ ರೇ, ಚಿತ್ರಕಾರ ಕೆ.ಜಿ. ಸುಬ್ರಮಣ್ಯನ್ ಇಬ್ಬರೂ ಇವರ ಶಿಷ್ಯರು. 1957ರಲ್ಲಿ ಪೊರೆಯ ಶಸ್ತ್ರಚಿಕಿತ್ಸೆ ಕೈಕೊಟ್ಟಿತು, ಇದ್ದ ಒಂದು ಕಣ್ಣೂ ಹೋಯಿತು. ಆಮೇಲೂ 1980ರಲ್ಲಿ ತೀರಿಕೊಳ್ಳುವವರೆಗೆ ಕೆಲಸ ಮಾಡಿದರು.

ಎಲ್ಲರೂ 1957ರ ನಂತರದ ಕೆಲಸ ತೋರಿಸಿ ಬೆರಗಾಗುತ್ತಾರೆ. ನನಗೆ ಅದಕ್ಕಿಂತ ಜಾಸ್ತಿ ಕುತೂಹಲ ಇರುವುದು ಅದಕ್ಕೆ ಮುಂಚಿನದರ ಬಗ್ಗೆ. ಅರ್ಧಂಬರ್ಧ ಕಾಣುವ ಒಂದೇ ಕಣ್ಣಿನಲ್ಲಿ ಈ ಮನುಷ್ಯ ಒಂದು ದೊಡ್ಡ ಹಾಲ್‌ನ ಮೂರು ಗೋಡೆಗಳ ಮೇಲ್ಭಾಗ ತುಂಬ ಚಿತ್ರ ಬರೆದಿದ್ದಾರೆ. ಶಾಂತಿನಿಕೇತನದ ಹಿಂದಿ ಭವನದಲ್ಲಿ, 1946–47ರಲ್ಲಿ. ವಿಷಯ ಮಧ್ಯಯುಗದ ಸಂತರ ಬದುಕು. ರಾಮಾನುಜರು, ಕಬೀರ, ತುಳಸಿದಾಸ, ಸೂರದಾಸ, ಗುರು ಗೋವಿಂದ ಸಿಂಗ್, ಅವರ ಸುತ್ತ ನೇಕಾರರು, ಸಾಧುಗಳು, ನದಿ, ಘಾಟು, ಊರು. ಮೊದಲು ಕಾಗದದ ಮೇಲೆ ಅಳತೆಗೆ ಸರಿಯಾಗಿ ಬರೆದುಕೊಂಡು ಗೋಡೆಗೆ ಇಳಿಸಲಿಲ್ಲ. ನೇರವಾಗಿ ಗೋಡೆಯ ಮೇಲೇ ಬರೆದರು. ಅದೂ ಹಸಿ ಗಾರೆಯ ಮೇಲೆ.

ನನ್ನ ಪ್ರಶ್ನೆ ಇದು. ಆ ಗೋಡೆ ಹೀಗಿರುವುದಕ್ಕೂ ಆ ಕಣ್ಣು ಹಾಗಿದ್ದುದಕ್ಕೂ ಸಂಬಂಧ ಇದೆಯಾ? ಇದೆ ಅಂತ ನನ್ನ ಅನಿಸಿಕೆ. ಆ ಚಿತ್ರವನ್ನು ದೂರ ನಿಂತು ಒಂದೇ ನೋಟಕ್ಕೆ ಹಿಡಿಯುವ ಜಾಗವೇ ಇಲ್ಲ. ದೃಶ್ಯಗಳು ಒಂದರೊಳಗೊಂದು ಸೇರಿಕೊಂಡು ಹರಿಯುತ್ತವೆ. ಒಂದು ಕಡೆ ಸಂತನ ಆಕೃತಿ ಗೋಡೆಯುದ್ದ ಎದ್ದು ನಿಂತಿದ್ದರೆ ಅದರ ಪಕ್ಕದಲ್ಲೇ ಪುಟ್ಟ ಪುಟ್ಟ ಮನೆಗಳು. ನಡೆಯುತ್ತಾ ನಡೆಯುತ್ತಾ ಓದಿಕೊಳ್ಳಬೇಕು. ಹತ್ತಿರ ಹೋಗಿ ನೋಡುವುದು ಬಿಟ್ಟು ಬೇರೆ ದಾರಿಯೇ ಇಲ್ಲದವರು ಬರೆದ ಹಾಗೇ ಇದೆ. ನಿಮಗೆಲ್ಲ ಏನನಿಸುತ್ತದೆ?

ಲೆನ್ಸ್_ಲೆಕ್ಕ

ಒಳ್ಳೆ ವಿಷಯ ಎತ್ತಿದ್ದೀರಿ ಸರ್. ಆದರೆ ಸ್ವಲ್ಪ ತಡೆದು ಹೋಗೋಣ. ಕಲಾವಿದನ ಕಣ್ಣಿನ ಚೀಟಿ ನೋಡಿ ಚಿತ್ರಕ್ಕೆ ಅರ್ಥ ಹೇಳುವ ಚಟ ಹಳೆಯದು. ಅದರಿಂದ ಎಡವಟ್ಟುಗಳೂ ಆಗಿವೆ.

ಸ್ಪೇನಿನ ಹಳೇ ಕಾಲದ ಚಿತ್ರಕಾರ ಎಲ್ ಗ್ರೆಕೊ ಗೊತ್ತಲ್ವಾ? ಅವರ ಸಂತರೆಲ್ಲ ಉದ್ದುದ್ದ ಎಳೆದ ಹಾಗೆ ಇರುತ್ತಾರೆ. ನೂರು ವರ್ಷದ ಹಿಂದೆ ಕೆಲವು ಕಣ್ಣಿನ ವೈದ್ಯರು ಅವರಿಗೆ ಅಸ್ಟಿಗ್ಮ್ಯಾಟಿಸಮ್, ಅಂದರೆ ಕಣ್ಣಿನ ಬಾಗು ಎಲ್ಲ ಕಡೆ ಒಂದೇ ಥರ ಇಲ್ಲದ ದೋಷ, ಇತ್ತು, ಅದಕ್ಕೇ ಎಲ್ಲ ಉದ್ದ ಕಾಣುತ್ತಿತ್ತು ಅಂತ ವಾದ ಮಾಡಿದರು. ಕೇಳಲು ಚೆನ್ನಾಗಿದೆ. ಒಂದು ಸಲ ಯೋಚನೆ ಮಾಡಿ. ಎದುರಿಗೆ ನಿಂತ ಮನುಷ್ಯ ಉದ್ದ ಕಂಡರೆ ಕ್ಯಾನ್ವಾಸ್ ಮೇಲೆ ಬರೆದ ಮನುಷ್ಯನೂ ಅದೇ ಕಣ್ಣಿಗೆ ಅಷ್ಟೇ ಉದ್ದ ಕಾಣಬೇಕು. ಎರಡೂ ಒಂದೇ ಥರ ಕಾಣಲಿ ಅಂತ ತಿದ್ದುತ್ತಾ ಹೋದರೆ ಕೊನೆಗೆ ಬರುವುದು ಸರಿಯಾದ ಅಳತೆಯೇ. ದೋಷಕ್ಕೆ ದೋಷ ವಜಾ. ಅವರು ಉದ್ದ ಬರೆದದ್ದು ಅವರಿಗೆ ಉದ್ದ ಬೇಕಿತ್ತು ಅನ್ನುವುದಕ್ಕೆ, ಅಷ್ಟೇ.

ಹಾಗಾಗಿ ಬಿನೋದ್ ಬಿಹಾರಿಯವರ ವಿಷಯದಲ್ಲೂ ಹುಷಾರು. ಅವರು ಜಪಾನಿಗೆ ಹೋಗಿ ಅಲ್ಲಿನ ಸುರುಳಿ ಚಿತ್ರಗಳನ್ನು ನೋಡಿ ಬಂದವರು. ಸುರುಳಿಯನ್ನು ಒಂದೇ ನೋಟಕ್ಕೆ ಯಾರೂ ನೋಡುವುದಿಲ್ಲ. ಬಿಚ್ಚುತ್ತಾ ಹೋಗುತ್ತಾರೆ, ಒಂದು ತುದಿ ಸುತ್ತುತ್ತಾ ಬರುತ್ತಾರೆ. ಗೋಡೆ ಹರಿಯುವ ಹಾಗಿದ್ದರೆ ಅದು ಅಲ್ಲಿಂದ ಯಾಕೆ ಬಂದಿರಬಾರದು? ಕಣ್ಣು ಎರಡೂ ಚೆನ್ನಾಗಿದ್ದವರೂ ಹಾಗೆ ಬರೆದಿದ್ದಾರೆ.

ಹಳೇಕುಂಚ

ಫ್ರೆಂಚ್ ಚಿತ್ರಕಾರ ಮೋನೆ ವಿಷಯದಲ್ಲಿ ಮಾತ್ರ ಈ ವಾದ ನಡೆಯುವುದಿಲ್ಲ ಬಿಡಿ. ಅಲ್ಲಿ ಕಣ್ಣೇ ಚಿತ್ರ ಬದಲಿಸಿತು ಅನ್ನುವುದಕ್ಕೆ ಕಣ್ಣೆದುರೇ ಸಾಕ್ಷಿ ಇದೆ.

ಅವರಿಗೆ ಪೊರೆ ಅಂತ ವೈದ್ಯರು ಹೇಳಿದ್ದು 1912ರಲ್ಲಿ. ಶಸ್ತ್ರಚಿಕಿತ್ಸೆಗೆ ಹೆದರಿ ಹತ್ತು ವರ್ಷ ಮುಂದೂಡಿದರು. ಆ ನಡುವೆ ಅವರ ತೋಟದ ಜಪಾನಿ ಸೇತುವೆಯನ್ನು ಮತ್ತೆ ಮತ್ತೆ ಬರೆದರು. 1899ರಲ್ಲಿ ಬರೆದ ಅದೇ ಸೇತುವೆ ತಣ್ಣಗಿನ ಹಸಿರು, ನೀಲಿ. 1918ರಿಂದ ಈಚೆಗೆ ಬರೆದವು ಕೆಂಪು, ಕಿತ್ತಳೆ, ಕಂದು. ಸೇತುವೆ ಎಲ್ಲಿದೆ ಅಂತ ಹುಡುಕಬೇಕು. ಪಕ್ಕಪಕ್ಕ ಇಟ್ಟರೆ ಒಂದೇ ಜಾಗ ಅಂತ ನಂಬುವುದೇ ಕಷ್ಟ. ಆ ದಿನಗಳಲ್ಲಿ ಅವರು ಟ್ಯೂಬ್ ಮೇಲಿನ ಹೆಸರು ನೋಡಿ, ಪ್ಯಾಲೆಟ್ ಮೇಲೆ ಯಾವ ಬಣ್ಣ ಎಲ್ಲಿ ಅನ್ನುವ ಅಭ್ಯಾಸದ ಬಲದಿಂದ ಬರೆಯುತ್ತಿದ್ದರು.

ಕೊನೆಗೆ ಗೆಳೆಯ, ಫ್ರಾನ್ಸಿನ ಮಾಜಿ ಪ್ರಧಾನಿ ಕ್ಲೆಮಾನ್ಸೋ ಒತ್ತಾಯಕ್ಕೆ ಮಣಿದು 1923ರಲ್ಲಿ ಬಲಗಣ್ಣಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಆಗ ಅವರಿಗೆ 82 ವರ್ಷ. ಕಣ್ಣೊಳಗೆ ಲೆನ್ಸ್ ಕೂರಿಸುವ ಪದ್ಧತಿ ಶುರುವಾಗಿದ್ದೇ 1949ರಲ್ಲಿ. ಅಲ್ಲಿಯವರೆಗೆ ಪೊರೆ ತೆಗೆದರೆ ದಪ್ಪ ಕನ್ನಡಕವೇ ಗತಿ. ಮೋನೆಗೂ ಅದೇ ಆಯಿತು. ಎಲ್ಲ ನೀಲಿ ನೀಲಿ ಕಾಣುತ್ತದೆ ಅಂತ ಗೋಳಾಡಿದರು. ಬಣ್ಣದ ಗಾಜಿನ ಕನ್ನಡಕ ಹಾಕಿ ನೋಡಿದರು. ಎಡಗಣ್ಣು ಮುಟ್ಟಲು ಮಾತ್ರ ಬಿಡಲೇ ಇಲ್ಲ. ಮುಂಚೆ ಬರೆದ ಎಷ್ಟೋ ಚಿತ್ರಗಳನ್ನು ತಿದ್ದಿದರು, ಕೆಲವನ್ನು ಹಾಳು ಮಾಡಿದರು. ಇಷ್ಟಾದ ಮೇಲೆ ಕಣ್ಣಿಗೂ ಚಿತ್ರಕ್ಕೂ ಸಂಬಂಧ ಇಲ್ಲ ಅಂದರೆ ಹೇಗೆ?

ಲೆನ್ಸ್_ಲೆಕ್ಕ

ಹಳೇಕುಂಚ ಸರ್, ಸಂಬಂಧವೇ ಇಲ್ಲ ಅಂದಿಲ್ಲ ನಾನು. ಯಾವ ದೋಷ ವಜಾ ಆಗುತ್ತದೆ, ಯಾವುದು ಆಗುವುದಿಲ್ಲ ಅಂತ ಬೇರೆ ಮಾಡಬೇಕು. ನಿಜವಾದ ವಿಷಯ ಇರುವುದು ಅಲ್ಲೇ.

ಪೊರೆ ಬಂದ ಕಣ್ಣಿನ ಮಸೂರ ಹಳದಿಗೆ, ಕಂದಿಗೆ ತಿರುಗುತ್ತದೆ. ನೀಲಿ, ನೇರಳೆ ಬೆಳಕು ಒಳಗೆ ಬರುವುದು ಕಡಿಮೆಯಾಗುತ್ತದೆ. ಬರೀ ಹಳದಿ ಪರದೆ ಹಾಕಿದ ಹಾಗೆ ಆಗಿದ್ದರೆ ತೊಂದರೆ ಇರಲಿಲ್ಲ. ಕೊಳವೂ ಹಳದಿ, ಕ್ಯಾನ್ವಾಸೂ ಹಳದಿ, ಲೆಕ್ಕ ಸರಿಹೋಗುತ್ತಿತ್ತು. ಆದರೆ ನೀಲಿ ಒಳಗೇ ಬರದಿದ್ದರೆ ಕಡುನೀಲಿಗೂ ಕಪ್ಪಿಗೂ ವ್ಯತ್ಯಾಸವೇ ತಿಳಿಯುವುದಿಲ್ಲ. ಎರಡು ಬಣ್ಣ ಒಂದೇ ಆಗಿ ಕಂಡಾಗ ಯಾವುದನ್ನು ಹಚ್ಚಿದರೂ ಸರಿ ಅಂತಲೇ ಅನಿಸುತ್ತದೆ. ಅಲ್ಲಿ ತಿದ್ದಿಕೊಳ್ಳಲು ಕಣ್ಣಿಗೆ ಆಧಾರವೇ ಇಲ್ಲ. ಆ ತಪ್ಪು ಕ್ಯಾನ್ವಾಸ್ ಮೇಲೆ ಉಳಿದುಬಿಡುತ್ತದೆ.

ಅಂದರೆ ಆಕಾರ ಸೊಟ್ಟ ಕಂಡರೆ ಅದು ಚಿತ್ರಕ್ಕೆ ಇಳಿಯುವುದಿಲ್ಲ. ಬೇರೆ ಬೇರೆ ಮಾಡಿ ನೋಡುವ ಶಕ್ತಿ ಹೋದರೆ ಇಳಿಯುತ್ತದೆ. ಫ್ರಾನ್ಸಿನ ಇನ್ನೊಬ್ಬ ಚಿತ್ರಕಾರ ದೆಗಾ ವಿಷಯವೂ ಅಷ್ಟೇ. 1870ರ ಫ್ರಾನ್ಸ್-ಪ್ರಶ್ಯಾ ಯುದ್ಧದ ಹೊತ್ತಿಗೆ ಬಂದೂಕು ತರಬೇತಿಯಲ್ಲಿ ಬಲಗಣ್ಣಿಗೆ ಗುರಿ ಕಾಣುತ್ತಿಲ್ಲ ಅಂತ ಗೊತ್ತಾಯಿತು. ಆಮೇಲೆ ದೃಷ್ಟಿಯ ನಡುಭಾಗ ನಿಧಾನಕ್ಕೆ ಹಾಳಾಗುತ್ತಾ ಹೋಯಿತು. ಕೊನೆಕೊನೆಯ, ಬಣ್ಣದ ಕಡ್ಡಿಯಲ್ಲಿ ಬರೆದ ಪೇಸ್ಟಲ್‌ಗಳಲ್ಲಿ ಗೀಟುಗಳು ಒರಟಾಗಿ ಕಾಣುತ್ತವೆ. ಸ್ಟ್ಯಾನ್‌ಫರ್ಡ್‌ನ ನೇತ್ರವೈದ್ಯ ಮೈಕಲ್ ಮಾರ್ಮರ್ 2006ರಲ್ಲಿ ಕಂಪ್ಯೂಟರ್‌ನಲ್ಲಿ ಆ ಚಿತ್ರಗಳನ್ನು ದೆಗಾಗೆ ಕಂಡಿರಬಹುದಾದಷ್ಟು ಮಸುಕು ಮಾಡಿ ತೋರಿಸಿದರು. ಆಗ ಒರಟು ಗೀಟುಗಳೆಲ್ಲ ಒಂದಕ್ಕೊಂದು ಬೆರೆತು ನಯವಾಗಿ ಕಾಣುತ್ತವೆ. ನಾವು ಧೈರ್ಯ, ಬಂಡಾಯ ಅಂತ ಹೊಗಳುವ ಆ ಒರಟುತನ ಬರೆದವರಿಗೇ ಕಾಣದೆ ಇದ್ದಿರಬಹುದು! ನನಗೆ ಇದು ಸ್ವಲ್ಪ ಇರುಸುಮುರುಸು ಮಾಡುವ ವಿಷಯ.

ಮಂಜುಗಣ್ಣು

ಸುಮ್ನೆ ಓದುತ್ತಿದ್ದೆ, ಆದರೆ ಇದು ನನ್ನದೇ ವಿಷಯ. ನನಗೆ ಮ್ಯಾಕ್ಯುಲಾ, ಅಂದರೆ ಕಣ್ಣಿನ ಹಿಂಪರದೆಯ ನಡುಭಾಗದ ತೊಂದರೆ, ಎರಡೂ ಕಣ್ಣಿಗೆ. ಮುಂಚೆಯೂ ಚಿತ್ರ ಬರೆಯುತ್ತಿದ್ದೆ, ಈಗಲೂ ಬರೆಯುತ್ತೇನೆ.

ಮಸುಕು ಅಂದರೆ ಜನ ಫೋಟೋ ಔಟ್ ಆಫ್ ಫೋಕಸ್ ಆದ ಹಾಗೆ ಅಂದುಕೊಳ್ಳುತ್ತಾರೆ. ನನ್ನದು ಹಾಗಲ್ಲ. ನೋಡಬೇಕಾದ ಜಾಗವೇ ಇರುವುದಿಲ್ಲ. ಎದುರಿಗೆ ಕೂತವರ ಮುಖ ನೋಡಲು ಹೋದರೆ ಮುಖ ಮಾಯ, ಸುತ್ತ ಕೂದಲು, ಭುಜ, ಹಿಂದಿನ ಕಿಟಕಿ ಎಲ್ಲ ಇದೆ. ಅವರ ಕಿವಿಯ ಆಚೆ ಎಲ್ಲೋ ಕಣ್ಣು ನೆಟ್ಟರೆ ಮುಖ ಪಕ್ಕದಿಂದ ಮೆಲ್ಲಗೆ ಬರುತ್ತದೆ. ಬಂದ ಖುಷಿಗೆ ನೇರ ನೋಡಿದಿರೋ, ಮತ್ತೆ ಹೋಯಿತು. ಕಿಟಕಿಯ ಸರಳು ನಡುವಿನಲ್ಲಿ ಸೊಟ್ಟ ಬಾಗುತ್ತದೆ. ಅದು ಸೊಟ್ಟ ಇಲ್ಲ ಅಂತ ನನಗೆ ಗೊತ್ತು, ಅದಕ್ಕೇ ಲೆನ್ಸ್_ಲೆಕ್ಕ ಅವರು ಹೇಳಿದ್ದು ಸರಿ, ನಾನು ಸೊಟ್ಟ ಬರೆಯುವುದಿಲ್ಲ.

ಬದಲಾದದ್ದು ಬೇರೆಯೇ. ಬ್ರಷ್‌ನ ತುದಿ ಕ್ಯಾನ್ವಾಸ್ ಮುಟ್ಟುವ ಜಾಗ ಇದೆಯಲ್ಲ, ನನಗೆ ಕಾಣದೆ ಇರುವುದು ಅದೇ. ಹಾಗಾಗಿ ಸಣ್ಣ ಬ್ರಷ್ ಎಲ್ಲ ಪಕ್ಕಕ್ಕಿಟ್ಟೆ. ಈಗ ಅಗಲ ಬ್ರಷ್, ಇಲ್ಲವೇ ಬೆರಳು. ಎಡಗೈ ಬೆರಳನ್ನು ಕ್ಯಾನ್ವಾಸ್ ಮೇಲೆ ಗುರುತಿಗೆ ಊರಿ, ಅಲ್ಲಿಂದ ಇಷ್ಟು ದೂರ ಅಂತ ಅಂದಾಜಿನಲ್ಲಿ ಎಳೆಯುತ್ತೇನೆ. ಕೈ ತೋಳಿನಿಂದ ತಿರುಗುತ್ತದೆ, ಮಣಿಕಟ್ಟಿನಿಂದ ಅಲ್ಲ. ಗೆರೆಯ ಸ್ವಭಾವವೇ ಬದಲಾಯಿತು. ತಿಳಿಹಳದಿಗೂ ಬಿಳಿಗೂ ವ್ಯತ್ಯಾಸ ಸಿಗುವುದಿಲ್ಲ, ಅದಕ್ಕೆ ತಿಳಿಬಣ್ಣಗಳನ್ನು ಕಪ್ಪು ತಟ್ಟೆಯಲ್ಲಿ, ಗಾಢ ಬಣ್ಣಗಳನ್ನು ಬಿಳಿ ತಟ್ಟೆಯಲ್ಲಿ ಹಾಕಿಕೊಳ್ಳುತ್ತೇನೆ. ಟ್ಯೂಬ್‌ಗಳಿಗೆ ರಬ್ಬರ್ ಬ್ಯಾಂಡ್ ಸುತ್ತಿದ್ದೇನೆ. ಒಂದು ಸುತ್ತು ಕೆಂಪು, ಎರಡು ಸುತ್ತು ನೀಲಿ, ಹೀಗೆ. ಮನೆಯವರು ಯಾರಾದರೂ ಮೇಜು ಒಪ್ಪ ಮಾಡಿದರೆ ಅವತ್ತು ಜಗಳ ಗ್ಯಾರಂಟಿ.

ನನ್ನ ಈಗಿನ ಚಿತ್ರ ನೋಡಿದವರು ನಿಮ್ಮ ಶೈಲಿ ಎಷ್ಟು ಬಿಡುಬೀಸಾಗಿದೆ ಅನ್ನುತ್ತಾರೆ. ಅದನ್ನು ನಾನು ಆರಿಸಿಕೊಂಡೆನಾ, ಅದೇ ಬಂದು ಕೂತಿತಾ? ಎರಡೂ. ಬೇರೆ ದಾರಿ ಇರಲಿಲ್ಲ, ಆದರೆ ಆ ದಾರಿಯಲ್ಲಿ ಎಲ್ಲಿ ನಿಲ್ಲಬೇಕು ಅಂತ ಈಗಲೂ ನಾನೇ ತೀರ್ಮಾನ ಮಾಡುತ್ತೇನೆ. ಗೋಡೆಚಿತ್ರ ಅವರೇ, ನಿಮ್ಮ ಪ್ರಶ್ನೆಗೆ ಉತ್ತರ ಹುಡುಕಬೇಕಾದದ್ದು ಚಿತ್ರದಲ್ಲಿ ಏನಿದೆ ಅನ್ನುವುದರಲ್ಲಿ ಅಲ್ಲ. ಅದನ್ನು ಹೇಗೆ ಮಾಡಿದರು ಅನ್ನುವುದರಲ್ಲಿ.

ಗೋಡೆಚಿತ್ರ

ಮಂಜುಗಣ್ಣು ಅವರೇ, ತುಂಬ ಥ್ಯಾಂಕ್ಸ್. ನೀವು ಕೊಟ್ಟ ಎಳೆ ಹಿಡಿದು ಹಿಂದಿ ಭವನದ ಗೋಡೆಗೆ ಮತ್ತೆ ಹೋಗುತ್ತೇನೆ.

ಹಸಿ ಗಾರೆಯ ಕೆಲಸ ಹೇಗೆ ಅಂದರೆ, ಅವತ್ತು ಎಷ್ಟು ಬರೆಯಲು ಸಾಧ್ಯವೋ ಅಷ್ಟೇ ಜಾಗಕ್ಕೆ ಸುಣ್ಣದ ಗಾರೆ ಬಳಿಯುತ್ತಾರೆ. ಅದು ಒಣಗುವುದರೊಳಗೆ ನೀರಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಸುಣ್ಣ ಗಾಳಿಗೆ ಗಟ್ಟಿಯಾಗುತ್ತಾ ಬಣ್ಣವನ್ನು ಒಳಗೇ ಹಿಡಿದುಕೊಳ್ಳುತ್ತದೆ. ಒಣಗಿತೆಂದರೆ ಮುಗೀತು. ತಿದ್ದಬೇಕಾದರೆ ಅಷ್ಟು ಗಾರೆ ಕೆತ್ತಿ ತೆಗೆದು ಹೊಸದಾಗಿ ಬಳಿಯಬೇಕು. ದೂರ ಹೋಗಿ ನಿಂತು, ತಲೆ ಓರೆ ಮಾಡಿ ನೋಡಿ, ಬಂದು ತಿದ್ದುವ ಕಲಾವಿದನಿಗೆ ಇದು ಹಿಂಸೆ. ದೂರದಿಂದ ನೋಡಿ ಪ್ರಯೋಜನವೇ ಇಲ್ಲದವರಿಗೆ? ಇವತ್ತಿನ ಜಾಗ ಇಷ್ಟು, ಅದು ಕೈಗೆಟುಕುವ ದೂರದಲ್ಲಿದೆ, ನಾಳೆಯದು ಇದರ ಅಂಚಿನಿಂದ ಶುರು. ಇಡೀ ಗೋಡೆಯ ಲೆಕ್ಕ ತಲೆಯಲ್ಲಿ. ಶಿಷ್ಯರ ನೆರವಿತ್ತು ನಿಜ, ಆದರೆ ಆ ಲೆಕ್ಕ ಒಬ್ಬರ ತಲೆಯಲ್ಲೇ ಇರಬೇಕಲ್ವಾ?

ಸುರುಳಿ ಚಿತ್ರದ ಪ್ರಭಾವ ಇದ್ದೇ ಇದೆ ಲೆನ್ಸ್_ಲೆಕ್ಕ ಸರ್. ಅವರೇ ಉದ್ದುದ್ದ ಸುರುಳಿಗಳನ್ನು ಬರೆದಿದ್ದಾರೆ. ಶಾಂತಿನಿಕೇತನದ ಸುತ್ತಲಿನ ಖೋಯಾಯಿ, ಅಂದರೆ ಮಳೆನೀರು ಕೊರೆದ ಕೆಮ್ಮಣ್ಣಿನ ಬರಡು ನೆಲ, ಅದನ್ನು ಹಾಗೆ ಬರೆದರು. ಆದರೆ ಜಪಾನಿನಲ್ಲಿ ನೋಡಲು ನೂರು ಥರದ ಚಿತ್ರ ಇದ್ದವು. ಅದರಲ್ಲಿ ಇದೇ ಯಾಕೆ ಮನಸ್ಸಿಗೆ ನಾಟಿತು? ಹತ್ತಿರದಿಂದ, ತುಂಡು ತುಂಡಾಗಿ ನೋಡುವ ಕಣ್ಣಿಗೆ ತುಂಡು ತುಂಡಾಗಿ ತೆರೆದುಕೊಳ್ಳುವ ಚಿತ್ರ ಒಗ್ಗಿತು ಅಂತ ನಾನು ಓದುತ್ತೇನೆ. ಸಾಬೀತು ಮಾಡಲು ಆಗುವುದಿಲ್ಲ, ಒಪ್ಪುತ್ತೇನೆ.

ಇನ್ನೊಂದು ಇದೆ. 1940ರಲ್ಲಿ ಕಲಾಭವನದ ಹಾಸ್ಟೆಲ್‌ನ ಒಂದು ಕೋಣೆಯ ಚಾವಣಿಗೆ ಬೀರಭೂಮ್, ಅಂದರೆ ಶಾಂತಿನಿಕೇತನ ಇರುವ ಜಿಲ್ಲೆಯ ಹಳ್ಳಿಯ ಚಿತ್ರ ಬರೆದರು. ನಡುವೆ ಒಂದು ಕೆರೆ, ಸುತ್ತ ಮರ, ಮನೆ, ಜನ, ದನ. ಚಾವಣಿಯಾದ್ದರಿಂದ ಮೇಲೆ ಕೆಳಗೆ ಅನ್ನುವುದೇ ಇಲ್ಲ. ಎಲ್ಲಿ ನಿಂತು ತಲೆಯೆತ್ತಿದರೂ ಒಂದು ಕಡೆಯವರು ನೆಟ್ಟಗೆ ಕಾಣುತ್ತಾರೆ, ಎದುರು ಕಡೆಯವರು ತಲೆಕೆಳಗೆ. ಒಂದು ಜಾಗದಲ್ಲಿ ನಿಂತು ದೂರದ ಬಿಂದುವಿನ ಕಡೆ ನೋಡುವ ಕ್ರಮವನ್ನು ಪೂರ್ತಿ ಬಿಟ್ಟುಕೊಟ್ಟಿದ್ದಾರೆ.

ಸುಮ್ನೆ_ಓದುಗ

ಒಂದು ಬಾಯಿಬಿಟ್ಟು ಕೇಳುವ ಪ್ರಶ್ನೆ. ಪೂರ್ತಿ ಕಾಣದೆ ಹೋದ ಮೇಲೆ ಮಾಡಿದ್ದನ್ನು ಅವರದೇ ಅಂತ ಹೇಗೆ ಹೇಳುವುದು? ಬಣ್ಣ ಬೇರೆಯವರು ಆರಿಸಿ ಕೊಟ್ಟಿರಬೇಕು. ಹೆಸರು ದೊಡ್ಡದು ಅಂತ ಎಲ್ಲ ಸೇರಿ ಮಾಡಿಸಿದ್ದಾ? ಬೇಜಾರು ಮಾಡಿಕೊಳ್ಳಬೇಡಿ, ನಿಜಕ್ಕೂ ಅನುಮಾನ.

ಕಾಗದಕತ್ತರಿ

ಬೇಜಾರು ಯಾಕೆ, ಎಲ್ಲರ ಮನಸ್ಸಿನಲ್ಲೂ ಇರುವ ಪ್ರಶ್ನೆ ಅದು.

1957ರ ನಂತರ ಬಿನೋದ್ ಬಿಹಾರಿ ಹಳೆಯ ಥರದ ಚಿತ್ರವನ್ನೇ ಹೇಗೋ ಮಾಡಲು ಒದ್ದಾಡಲಿಲ್ಲ. ಸಾಮಗ್ರಿಯನ್ನೇ ಬದಲಿಸಿದರು. ಬಣ್ಣದ ಕಾಗದ ಕತ್ತರಿಸಿ ಅಂಟಿಸುವುದು, ಮೇಣದಲ್ಲಿ ಚಿಕ್ಕ ಚಿಕ್ಕ ಬೊಂಬೆ, ರೇಖಾಚಿತ್ರ, ಲಿಥೋಗ್ರಾಫ್ ಅಂದರೆ ಕಲ್ಲಚ್ಚಿನ ಚಿತ್ರ. ಕಾಗದದ ವಿಶೇಷ ನೋಡಿ. ಬ್ರಷ್ ಎಳೆದ ಗೆರೆ ಕಣ್ಣಿಗೆ ಮಾತ್ರ ಸಿಗುತ್ತದೆ. ಕತ್ತರಿಸಿದ ಅಂಚು ಬೆರಳಿಗೂ ಸಿಗುತ್ತದೆ. ಕತ್ತರಿಸಿದ ತುಂಡನ್ನು ಬೆರಳಲ್ಲಿ ಸವರಿ ನೋಡಬಹುದು, ತಿರುಗಿಸಬಹುದು, ಇನ್ನೊಂದರ ಮೇಲಿಟ್ಟು ಎಷ್ಟು ಹೊರಗೆ ಚಾಚಿದೆ ಅಂತ ಮುಟ್ಟಿ ತಿಳಿಯಬಹುದು. ಅಂಟಿಸುವವರೆಗೆ ಎಷ್ಟು ಸಲ ಬೇಕಾದರೂ ಜಾಗ ಬದಲಿಸಬಹುದು. ನಾನು ಮಕ್ಕಳಿಗೆ ಚಿತ್ರಕಲೆ ಹೇಳಿಕೊಡುತ್ತೇನೆ. ನಂಬಿಕೆ ಬರದಿದ್ದರೆ ಕಣ್ಣು ಮುಚ್ಚಿ ಒಂದು ಕೂತ ಹೆಂಗಸಿನ ಆಕಾರ ಕತ್ತರಿಸಿ ನೋಡಿ. ಕತ್ತರಿಯನ್ನು ಹಿಡಿದ ಕೈ ಸುಮ್ಮನಿರುತ್ತದೆ, ಕಾಗದ ಹಿಡಿದ ಕೈ ತಿರುಗುತ್ತದೆ. ಬೆನ್ನಿನ ಬಾಗು ಮೊಣಕಾಲಿಗೆ ಬರುವ ಹೊತ್ತಿಗೆ ಎಲ್ಲಿದ್ದೇನೆ ಅನ್ನುವುದು ಮರೆತೇ ಹೋಗಿರುತ್ತದೆ. ಅವರ ತಲೆಯಲ್ಲಿ ಮಾತ್ರ ಅದು ಮರೆಯುತ್ತಿರಲಿಲ್ಲ. ನಲವತ್ತು ವರ್ಷ ಹತ್ತಿರದಿಂದಲೇ ನೋಡಿ ನೋಡಿ ಕೈಗೆ ಕಲಿಸಿದ್ದರು.

ಬಣ್ಣದ ಹೆಸರು ಹೇಳಲು ಬೇರೆಯವರ ಕಣ್ಣು ಬೇಕಿತ್ತು, ಅದರಲ್ಲಿ ಮುಚ್ಚಿಡುವುದೇನಿದೆ? ಯಾವ ಬಣ್ಣದ ಪಕ್ಕ ಯಾವುದು ಬೇಕು ಅನ್ನುವ ತೀರ್ಮಾನ ಅವರದು. ದೊಡ್ಡ ಗೋಡೆಚಿತ್ರಗಳನ್ನು ಯಾವ ಕಲಾವಿದನೂ ಒಬ್ಬನೇ ಮಾಡಿಲ್ಲ. ಅಲ್ಲಿ ಕೇಳದ ಪ್ರಶ್ನೆಯನ್ನು ಇಲ್ಲಿ ಮಾತ್ರ ಕೇಳುತ್ತೇವೆ.

1972ರಲ್ಲಿ ಕಲಾಭವನದ ಗೋಡೆಗೆ ಸೆರಾಮಿಕ್ ಹೆಂಚಿನ ತುಂಡುಗಳಲ್ಲಿ ಒಂದು ದೊಡ್ಡ ಚಿತ್ರ ಮಾಡಿದರು. ಅದರ ಹಿಂದೆ ಇದೇ ಕಾಗದದ ಅಭ್ಯಾಸ ಇದೆ. ಸರಳ ಆಕಾರಗಳು. ಅವುಗಳನ್ನೇ ಬೇರೆ ಬೇರೆ ಥರ ಜೋಡಿಸಿ ಮನುಷ್ಯರ ಆಕೃತಿ. ಅಂಚು ಮುಟ್ಟಿ ತಿಳಿಯುವವರಿಗೆ ಹೊಳೆಯುವ ಕ್ರಮ ಅದು.

ಹಳೇಕುಂಚ

ಅದೇ ವರ್ಷ ಸತ್ಯಜಿತ್ ರೇ ಇವರ ಬಗ್ಗೆ 'ದಿ ಇನ್ನರ್ ಐ' ಅನ್ನುವ ಸಾಕ್ಷ್ಯಚಿತ್ರ ಮಾಡಿದರು. ಇಪ್ಪತ್ತು ನಿಮಿಷದ್ದು. ನಿಮ್ಮ ಅನುಮಾನಕ್ಕೆ ಅದಕ್ಕಿಂತ ಒಳ್ಳೆ ಉತ್ತರ ಇಲ್ಲ ಸುಮ್ನೆ_ಓದುಗ ಅವರೇ. ಅವರ ಕೈ ಕೆಲಸ ಮಾಡುವುದನ್ನು ನೋಡಬಹುದು. ನನಗೆ ಹಿಡಿಸಿದ್ದು ಅಂದರೆ ಅದರಲ್ಲಿ ಅಯ್ಯೋ ಪಾಪ ಅನ್ನುವ ಧಾಟಿ ಇಲ್ಲ. ಶಿಷ್ಯ ಗುರುವಿನ ಕೆಲಸವನ್ನು ಕೆಲಸದ ಹಾಗೆ ತೋರಿಸಿದ್ದಾರೆ.

ಲೆನ್ಸ್_ಲೆಕ್ಕ

ಇದೇ ಸಾಲಿನಲ್ಲಿ ಇನ್ನಿಬ್ಬರನ್ನು ಸೇರಿಸುತ್ತೇನೆ. ಇಂಗ್ಲೆಂಡಿನ ಸಾರ್ಜಿ ಮ್ಯಾನ್, 1937ರಲ್ಲಿ ಹುಟ್ಟಿದವರು. ನಡುವಯಸ್ಸಿಗೆ ಮುಂಚೆಯೇ ಪೊರೆ ಶುರುವಾಗಿ, 2005ರ ಹೊತ್ತಿಗೆ ಪೂರ್ತಿ ದೃಷ್ಟಿ ಹೋಯಿತು. ಆಮೇಲೂ 2015ರಲ್ಲಿ ಸಾಯುವವರೆಗೆ ಆಳೆತ್ತರದ ಕ್ಯಾನ್ವಾಸ್ ಬರೆದರು. ಗುರುತಿಗೆ ಕ್ಯಾನ್ವಾಸ್ ಮೇಲೆ ಬ್ಲೂಟ್ಯಾಕ್ ಅನ್ನುವ ಮೆತ್ತನೆ ಅಂಟಿನ ಉಂಡೆಗಳನ್ನು ಅಂಟಿಸಿಕೊಳ್ಳುತ್ತಿದ್ದರು. ತಲೆ ಇಲ್ಲಿ, ಮೊಣಕೈ ಇಲ್ಲಿ, ಕುರ್ಚಿಯ ಅಂಚು ಇಲ್ಲಿ, ಹೀಗೆ. ಆ ಉಂಡೆಗಳ ನಡುವೆ ಬಣ್ಣ. ಬಣ್ಣ ಮಾತ್ರ ಪೂರ್ತಿ ನೆನಪಿನದು. ಆ ಬಣ್ಣಗಳು ಎಷ್ಟು ಗಟ್ಟಿ, ಎಷ್ಟು ಉಜ್ವಲ ಅಂದರೆ, ಕಾಣುತ್ತಿದ್ದಾಗ ಬರೆದದ್ದಕ್ಕಿಂತ ಅವೇ ನನಗಿಷ್ಟ.

ಇನ್ನೊಬ್ಬರು ಟರ್ಕಿಯ ಎಶ್ರೆಫ್ ಅರ್ಮಾಗಾನ್. ಅವರು ಯಾವತ್ತೂ ನೋಡಿದವರೇ ಅಲ್ಲ, ಹುಟ್ಟು ಅಂಧರು. ಉಬ್ಬುಗೆರೆ ಎಳೆದುಕೊಂಡು, ಒಂದೊಂದೇ ಬಣ್ಣವನ್ನು ಬೆರಳಲ್ಲಿ ಹಚ್ಚಿ, ಒಣಗಿದ ಮೇಲೆ ಇನ್ನೊಂದು. ದೂರ ಹೋದಷ್ಟೂ ಚಿಕ್ಕದಾಗುವ ಹಾಗೆ ರಸ್ತೆ, ಕಟ್ಟಡ ಬರೆಯುತ್ತಾರೆ. ಹಾರ್ವರ್ಡ್‌ನ ಸಂಶೋಧಕರು ಅವರು ಚಿತ್ರ ಬರೆಯುವಾಗ ಮೆದುಳಿನ ಸ್ಕ್ಯಾನ್ ಮಾಡಿದರು. ನೋಡುವುದಕ್ಕೆ ಅಂತ ಇರುವ ಮೆದುಳಿನ ಭಾಗ ಚುರುಕಾಗಿ ಕೆಲಸ ಮಾಡುತ್ತಿತ್ತು.

ಆದರೆ ಇದನ್ನು ಬಿನೋದ್ ಬಿಹಾರಿ ಜೊತೆ ಒಂದೇ ಗಂಟಿನಲ್ಲಿ ಕಟ್ಟಬಾರದು. ನೋಡಿ ಕಳೆದುಕೊಂಡವರು ಬೇರೆ, ಮೊದಲಿಂದ ಮುಟ್ಟಿಯೇ ತಿಳಿದವರು ಬೇರೆ, ಮಂಜುಗಣ್ಣು ಅವರ ಹಾಗೆ ಅರ್ಧ ಕಾಣುವವರು ಬೇರೆ. ಕುರುಡು ಕಲಾವಿದರು ಅಂತ ಒಂದು ಪಂಗಡ ಮಾಡಿ ಪ್ರದರ್ಶನ ಇಡುವುದು ನನಗೆ ಸರಿ ಕಾಣುವುದಿಲ್ಲ. ಗ್ಯಾಲರಿಯಲ್ಲಿ ಚಿತ್ರದ ಪಕ್ಕದ ಚೀಟಿಯಲ್ಲಿ ಕಣ್ಣಿನ ವಿಷಯವೇ ಬೇಡ ಅಂತ ನನ್ನ ವಾದ. ಮೊದಲು ಚಿತ್ರ ನೋಡಲಿ.

ಮಂಜುಗಣ್ಣು

ಒಪ್ಪುವುದಿಲ್ಲ ಸರ್. ಚೀಟಿಯಲ್ಲಿ ಎಣ್ಣೆಬಣ್ಣ, ಕ್ಯಾನ್ವಾಸ್ ಅಂತ ಬರೆಯುತ್ತೀರಿ. ಎಡಗೈಯಲ್ಲಿ ಬರೆದದ್ದು, ಚಾವಣಿಗೆ ಬರೆದದ್ದು ಅಂತ ಹೇಳಿದರೆ ಯಾರಿಗೂ ಮುಜುಗರ ಇಲ್ಲ. ನನ್ನ ಕಣ್ಣು ಹೀಗಿದೆ ಅನ್ನುವುದೂ ಆ ಚಿತ್ರ ಹೇಗೆ ಆಯಿತು ಅನ್ನುವುದರ ಭಾಗವೇ. ಅದನ್ನು ಮುಚ್ಚಿಟ್ಟು ನನಗೆ ಉಪಕಾರ ಮಾಡಬೇಕಾಗಿಲ್ಲ. ನನಗೆ ಕಷ್ಟ ಆಗುವುದು ಆ ಚೀಟಿ ಓದಿ ಚಿತ್ರ ನೋಡುವುದನ್ನೇ ನಿಲ್ಲಿಸುವವರಿಂದ. ಒಂದು ಪ್ರದರ್ಶನದಲ್ಲಿ ನನ್ನ ಚಿತ್ರದ ಮುಂದೆ ನಿಂತವರೊಬ್ಬರು ಕಣ್ಣೀರು ಹಾಕಿದರು. ಬೆನ್ನು ಚಿತ್ರದ ಕಡೆ, ಮುಖ ನನ್ನ ಕಡೆ. ಅಷ್ಟು ನನಗೂ ಕಾಣಿಸಿತು!

ಅಮೆರಿಕದ ಚಿತ್ರಕಾರ್ತಿ ಜಾರ್ಜಿಯಾ ಓಕೀಫ್‌ಗೂ ನನ್ನದೇ ಕಾಯಿಲೆ ಇತ್ತು. ಯಾರ ನೆರವೂ ಇಲ್ಲದೆ ಬರೆದ ಕೊನೆಯ ಎಣ್ಣೆಬಣ್ಣದ ಚಿತ್ರ 1972ರದ್ದು. ಆಮೇಲೆ ಜೇಡಿಮಣ್ಣಿನ ಕೆಲಸ ಹಿಡಿದರು. ಸಹಾಯಕರನ್ನು ಇಟ್ಟುಕೊಂಡು ಬಣ್ಣದ ಕೆಲಸವನ್ನೂ ಮಾಡಿದರು. ದೆಗಾ ಕೂಡ ಮೇಣಕ್ಕೆ ಕೈ ಹಾಕಿದ್ದರು. ಅವರು ಸತ್ತ ಮೇಲೆ ಸ್ಟುಡಿಯೋದಲ್ಲಿ ನೂರಕ್ಕೂ ಜಾಸ್ತಿ ಬೊಂಬೆ ಸಿಕ್ಕವು. ಬಿನೋದ್ ಬಿಹಾರಿಯವರದೂ ಮೇಣ. ಕಣ್ಣಿಂದ ಜಾರಿದ್ದು ಕೈಗೆ ಬಂದು ಸೇರುವುದು ಬೇರೆ ಬೇರೆ ದೇಶ, ಬೇರೆ ಬೇರೆ ಕಾಲದಲ್ಲಿ ಒಂದೇ ಥರ ಆಗಿದೆ. ನಾನಿನ್ನೂ ಮಣ್ಣು ಮುಟ್ಟಿಲ್ಲ. ಹಟ ಅಂತಲೇ ಇಟ್ಟುಕೊಳ್ಳಿ.

ಸುಮ್ನೆ_ಓದುಗ

ಅನುಮಾನ ಮುಕ್ಕಾಲು ಪರಿಹಾರ ಆಯಿತು. ಉಳಿದ ಕಾಲು ಭಾಗ, ಚೆನ್ನಾಗಿರುವ ಕಾಗದದ ಚಿತ್ರವನ್ನು ಬರೆದವರ ಕತೆ ಗೊತ್ತಿಲ್ಲದೆ ನೋಡಿದ್ದರೂ ನಿಮಗೆಲ್ಲ ಇಷ್ಟು ಇಷ್ಟ ಆಗುತ್ತಿತ್ತಾ?

ಕಾಗದಕತ್ತರಿ

ನನಗೆ ಆಗಿದೆ. 1957ರದ್ದೇ ಒಂದು ಇದೆ, ಹಣ್ಣು ಹಿಡಿದ ಹೆಂಗಸು. ಮೊದಲು ನೋಡಿದಾಗ ಹೆಸರನ್ನೂ ನೋಡಿರಲಿಲ್ಲ. ಫ್ರೆಂಚ್ ಕಲಾವಿದ ಮತೀಸ್ ಬಣ್ಣದ ಕಾಗದ ಕತ್ತರಿಸಿ ಮಾಡಿದ ಕೆಲಸ ನೆನಪಾಯಿತು, ಅಷ್ಟೇ. ಆಮೇಲೆ ಆ ಆಕೃತಿಯ ಭಾರ ಗಮನಿಸಿದೆ. ಕೂತವಳು ನಿಜಕ್ಕೂ ನೆಲಕ್ಕೆ ಊರಿ ಕೂತ ಹಾಗಿದೆ. ಚಪ್ಪಟೆ ಕಾಗದದಲ್ಲಿ ಅಷ್ಟು ಭಾರ ತರುವುದು ಸುಲಭ ಅಲ್ಲ. ಹಾಗೆಂದು ಅವರ ಕೊನೆಯ ಇಪ್ಪತ್ತು ಚಿಲ್ಲರೆ ವರ್ಷದ್ದು ಎಲ್ಲವೂ ಹಾಗಿದೆ ಅಂತಲೂ ಹೇಳುವುದಿಲ್ಲ. ಕೆಲವು ರೇಖಾಚಿತ್ರ ಸಡಿಲ. ಹಿಂದಿ ಭವನದ ಗೋಡೆಗೆ ಅವು ಸಮ ಅಲ್ಲ. ಇದನ್ನು ಹೇಳುವ ಧೈರ್ಯ ಇದ್ದರೆ ಮಾತ್ರ ನಾವು ಚಿತ್ರವನ್ನು ನೋಡುತ್ತಿದ್ದೇವೆ ಅಂತ ಅರ್ಥ.

ಗೋಡೆಚಿತ್ರ

ಒಪ್ಪಿದೆ. ಚೀಟಿಯ ವಿಷಯದಲ್ಲಿ ನಾನು ಮಂಜುಗಣ್ಣು ಅವರ ಕಡೆ. ಲೆನ್ಸ್_ಲೆಕ್ಕ ಸರ್ ಹೇಳಿದ ಪಂಗಡದ ಮಾತಿಗೂ ಸೈ. ಎರಡಕ್ಕೂ ಜಗಳ ಇಲ್ಲ ಅನಿಸುತ್ತದೆ.

ನೋಡಲು ಹೋಗುವವರಿಗೆ ಒಂದು ಮಾತು. ಹಿಂದಿ ಭವನದ ಚಿತ್ರ ಗೋಡೆಗಳ ಮೇಲ್ಭಾಗದಲ್ಲಿದೆ. ಫೋಟೋದಲ್ಲಿ ತುಂಡು ತುಂಡೇ ಸಿಗುವುದು. ವಿಶ್ವಭಾರತಿ ವಿಶ್ವವಿದ್ಯಾಲಯದ ಕ್ಯಾಂಪಸ್ ಆದ್ದರಿಂದ ಒಳಗೆ ಹೋಗಲು ಮೊದಲೇ ಕೇಳಿಕೊಂಡು ಹೋಗುವುದು ಒಳ್ಳೆಯದು. ಹೋದರೆ ಕೋಣೆಯ ನಡುವೆ ನಿಂತು ಒಂದೇ ಸಲಕ್ಕೆ ನೋಡಲು ಹೋಗಬೇಡಿ. ಒಂದು ಮೂಲೆಯಿಂದ ಶುರು ಮಾಡಿ ಗೋಡೆಯ ಜೊತೆಗೇ ನಡೆಯಿರಿ. ಸೂರದಾಸ ಎಲ್ಲಿದ್ದಾರೆ ಅಂತ ಹುಡುಕಿ. ಕಣ್ಣಿಲ್ಲದ ಕವಿ ಅಂತಲೇ ಪರಂಪರೆ ಅವರನ್ನು ನೆನೆಯುವುದು. 1957 ಇನ್ನೂ ಹತ್ತು ವರ್ಷ ದೂರ ಇದ್ದಾಗ ಬರೆದದ್ದು. ಅದರಲ್ಲಿ ದೊಡ್ಡ ಅರ್ಥ ಹುಡುಕಬೇಡಿ ಅಂತ ಲೆನ್ಸ್_ಲೆಕ್ಕ ಸರ್ ಬೈಯುವ ಮುಂಚೆ ನಾನೇ ನಿಲ್ಲಿಸುತ್ತೇನೆ.

ಲೆನ್ಸ್_ಲೆಕ್ಕ

ಬೈಯುವುದಿಲ್ಲ ಸರ್. ಮಂಜುಗಣ್ಣು ಅವರು ಆ ಕಪ್ಪು ತಟ್ಟೆ, ಬಿಳಿ ತಟ್ಟೆ, ರಬ್ಬರ್ ಬ್ಯಾಂಡ್ ವಿಷಯ ಬೇರೆ ಚರ್ಚೆಯಾಗಿ ವಿವರವಾಗಿ ಬರೆದರೆ ಎಷ್ಟೋ ಜನಕ್ಕೆ ಉಪಯೋಗ ಆಗುತ್ತದೆ. ಮೇಜಿನ ಮೇಲೆ ದೀಪ ಎಲ್ಲಿ ಇಡುತ್ತೀರಿ ಅನ್ನುವುದನ್ನೂ ಸೇರಿಸಿ.

ಮಂಜುಗಣ್ಣು

ಬರೆಯುತ್ತೇನೆ. ದೀಪ ಎಡಗಡೆ, ಭುಜಕ್ಕಿಂತ ಕೆಳಗೆ, ಕಣ್ಣಿಗೆ ನೇರ ಹೊಡೆಯದ ಹಾಗೆ. ಉಳಿದದ್ದು ಅಲ್ಲಿ.